ಷರಾ

ಬೆಳಗಿನ ಆರಕ್ಕೆ ಟಾರ್ಚು ಬಿಟ್ಟು
ಡ್ಯಾಮಿನ ಅಳತೆಗಂಬ ಓದುವವನು ನಾನು.
ಅಡಿ, ಒಂದು ಚುಕ್ಕೆ, ಚುಕ್ಕೆಯ ಪಕ್ಕ ಎರಡಂಕಿ.
ಒಳಹರಿವು, ಹೊರಹರಿವು, ಎಡದಂಡೆ, ಬಲದಂಡೆ,
ಕಟ್ಟಕಡೆಗೆ ಕಿರಿದಾದ ಒಂದು ಕಾಲಮ್ಮು: ಷರಾ.
ಹತ್ತೊಂಬತ್ತು ವರ್ಷದಿಂದ ಅಲ್ಲಿ
ಅಡ್ಡಗೆರೆ ಎಳೆಯುತ್ತ ಬಂದಿದ್ದೇನೆ.

ರಜೆಯ ದಿನ ಗಾಳ ಹಿಡಿದು ಕಾಸನಕಂಡಿಯ ದಂಡೆಗೆ.
ಶಿವರಾತ್ರಿಗೆ ಇನ್ನು ಒಂಬತ್ತು ದಿನ;
ಚಳಿ ಹೊರಟು ನಿಂತಿದೆ, ಹೊಸಿಲು ದಾಟಿಲ್ಲ.
ನೀರು ಹಿಂದೆ ಸರಿದಲ್ಲೆಲ್ಲ ಕೆಸರು ಬಿರಿದು ಹಪ್ಪಳ.
ತುಸು ಮೇಲೆ ಯಾರೋ ಸೌತೆಬೀಜ ಊರಿ
ಸುತ್ತ ಜಾಲಿಮುಳ್ಳು ಒಡ್ಡಿದ್ದಾರೆ.
ಪಾಚಿಗಟ್ಟಿದ ಹಸಿರು ನೀರು, ನೀರ ಮೇಲೆ ಮಂಜು,
ಮಂಜಿನ ಮೇಲೆ ಗಿಣಿಗೇರಿ ಕಡೆಯ ಚಿಮಣಿಹೊಗೆ,
ಯಾವುದು ಎಲ್ಲಿ ಮುಗಿಯಿತೋ
ಯಾವ ಗೇಜಿಗೂ ಸಿಗದು.

ಹುಸೇನಪ್ಪನ ತೆಪ್ಪ ಬೋರಲು ಮಲಗಿತ್ತು,
ಡಾಂಬರಿನ ಬೆನ್ನಿಗೆಲ್ಲ ಇಬ್ಬನಿ.
ಲಕ್ವ ಹೊಡೆದು ಅವನ ಎಡಗೈ ಸತ್ತು ಎರಡು ವರ್ಷ.
ಅದನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ,
ನೆರೆಮನೆಯವರ ಕೂಸನ್ನು ಕೂರಿಸಿಕೊಂಡಂತೆ.
ಹುಟ್ಟು ನನ್ನದು, ದಾರಿ ಅವನದು.
"ಎಡಕ್ಕ ಹೊಡೀರಿ ಸಾಹೇಬ್ರ, ಇಲ್ಲೇ ಕೆಳಗ ಹಳೇ ಬಾವಿ ಐತಿ.
ಚಳಿಗೆ ಮೀನೆಲ್ಲಾ ಅಲ್ಲೇ ಹೊದ್ಕಂಡು ಕುಂತಿರತಾವ."
ನನ್ನ ರಿಜಿಸ್ಟರಿನಲ್ಲಿ ಬಾವಿ ಇಲ್ಲ.

ಶೇಂಗಾ ಹಿಂಡಿ, ಜೋಳದ ಹಿಟ್ಟು, ಚೂರು ಬೆಲ್ಲ,
ಕಲಸಿ ಗಾಳಕ್ಕೆ ಮೆತ್ತಿ ಬಿಟ್ಟು ಕೂತೆವು.
ಏಳಾಯಿತು.
ಎಂಟಾಯಿತು. ಬೀಡಿ ಮುಗಿಯಿತು.
ಈ ದಿನಗಳಲ್ಲಿ ಮೀನು ಕಚ್ಚುವುದಿಲ್ಲ, ವಿಚಾರಿಸುತ್ತದೆ:
ಬಂದು ಮೂಸಿ, ತುಟಿ ತಾಕಿಸಿ,
ಸಾಲ ಕೇಳಲು ಬಂದು ಚಾ ಕುಡಿದು
ಬಾಯಿ ಬಿಡದೆ ಎದ್ದುಹೋಗುವ ನೆಂಟನ ಹಾಗೆ.

ಆಮೇಲೆ ಒಮ್ಮೆಲೇ ಬಾವಿಯೇ ಜಗ್ಗಿದಂತಾಯಿತು.
ತಂಗೂಸಿ ಬೆರಳು ಕೊಯ್ದಿತು, ತೆಪ್ಪ ಗಿರಗಿರನೆ ತಿರುಗಿತು,
ಊರು ಹೋಗಿ ಡ್ಯಾಮು ಬಂತು, ಡ್ಯಾಮು ಹೋಗಿ ಗುಡ್ಡ ಬಂತು,
"ಬಿಡ್ರಿ, ಬಿಡ್ರಿ, ಈಗ ಎಳೀರಿ, ಏ ಬಿಡ್ರೀ" ಎಂದು ಅವನು
ಒಂದೇ ಕೈಯಲ್ಲಿ ಬಲೆಚೀಲ ಒಡ್ಡಿ
ಎತ್ತಿದರೆ, ರೋಹು. ಕೂಸಿನಷ್ಟು ತೂಕ.
ತುಟಿಯ ಬಲಮೂಲೆಯಲ್ಲಿ ನನ್ನ ಗಾಳ.
ಎಡಮೂಲೆಯಲ್ಲಿ ಇನ್ನೊಂದು:
ತುಕ್ಕು ಹಿಡಿದು, ಮೇಲೆ ಮಾಂಸ ಬೆಳೆದು,
ಗೇಣುದ್ದ ದಾರ ಪಾಚಿಗಟ್ಟಿ ಮೀಸೆಯಂತೆ ಇಳಿಬಿದ್ದು.

ಹುಸೇನಪ್ಪ ಅದನ್ನು ಕಣ್ಣಿಗೆ ಹತ್ತಿರ ಹಿಡಿದ.
"ಇದು ನಂದು."
ನಕ್ಕೆ. ಈ ಸಮುದ್ರದಂಥ ನೀರಿನಲ್ಲಿ?
"ಗಂಟ ನೋಡ್ರಿ. ಎಲ್ಲಾರೂ ಬಲಕ್ಕ ಸುತ್ತತಾರ.
ನಾ ರೊಡ್ಡ."

ಏಳು ಸುತ್ತು, ಏಳೂ ಎಡಕ್ಕೆ,
ಒಂದರ ಮೇಲೊಂದು ಏರದೆ, ಬಿಗಿಯಾಗಿ, ಹಾಗೆಯೇ.
ತೊಡೆಯ ಮೇಲಿನ ಕೈ
ಏನೂ ಕೇಳಿಸದವರಂತೆ ಮಲಗಿತ್ತು.

ದೂರದಲ್ಲಿ ಹೆಬ್ಬಾತುಗಳ ಸಾಲು ಎದ್ದು
ಬಡಗಣಕ್ಕೆ ತಿರುಗಿತು.

"ಬಿಟ್ಟುಬಿಡೋಣೇನು?" ಎಂದೆ.
ತಲೆಕೆಟ್ಟವನನ್ನು ನೋಡುವಂತೆ ನೋಡಿದ.
"ಐದು ಕೆಜಿ ಐತ್ರೀ. ಒಂಬತ್ತೂವರೆಗೆ
ತಾಯಮ್ಮ ತಕ್ಕಡಿ ಹಿಡಕೊಂಡು ರೋಡಿಗೆ ಬರತಾಳ."
ಇಕ್ಕಳದಿಂದ ಹಳೆಯ ಗಾಳ ಬಿಡಿಸಿ,
ಲುಂಗಿಗೆ ಒರೆಸಿ, ಎಲೆ-ಅಡಿಕೆ ಸಂಚಿಗೆ ಹಾಕಿಕೊಂಡ.

ದಂಡೆಯಲ್ಲಿ ಕೂರಿಸಿ ಗಂಟು ಹಾಕಿಸಿದ.
"ಹಂಗಲ್ರೀ. ಹೆಬ್ಬಟ್ಟಿನ ಕೆಳಗ. ಎಡಕ್ಕ, ಎಡಕ್ಕ."
ಕರೆಂಟು ಹೋದ ಪರಮನೆಯಲ್ಲಿ
ನೀರಿನ ಕೊಡ ಹುಡುಕುವವರಂತೆ ನನ್ನ ಬೆರಳು.
ಮೂರು ಸಲ ಜಾರಿತು. ಐದನೆಯದನ್ನು
ಹಲ್ಲಲ್ಲಿ ಕಚ್ಚಿ ಎಳೆದು ನೋಡಿದ.
ಚೆನ್ನಾಗಿದೆ ಅನ್ನಲಿಲ್ಲ. ಇಸಿದುಕೊಂಡ.

ಸೋಮವಾರ ಆರಕ್ಕೆ ನೀರು ಮತ್ತೆ ಎರಡು ಬೆರಳು ಇಳಿದಿತ್ತು.
ಅಂಕಿ ಬರೆದೆ, ಚುಕ್ಕೆ ಇಟ್ಟೆ.
ಷರಾಕ್ಕೆ ಬಂದು ಪೆನ್ನು ತುಸು ನಿಂತಿತು,
ಬಾವಿ, ಎಂದು ಬರೆಯಲು ಹೋಗಿ
ಅಡ್ಡಗೆರೆಯನ್ನೇ ಎಳೆದೆ,
ಈ ಸಲ ಬಲದಿಂದ ಎಡಕ್ಕೆ.
ಹತ್ತಕ್ಕೆ ಇಂಜಿನಿಯರು ಬಂದು
ಕೆಳಗೆ ಸಹಿ ಹಾಕಿದರು.