ಕತ್ತರಿಸದೆ

ಕತ್ತರಿಸಿ ನೋಡುವುದು ಸುಲಭ, ಎಲ್ಲರೂ ಹಾಗೇ ಮಾಡುತ್ತಾರೆ.
ಬೊಹುಮಿಲಾ ಒಪ್ಪಲಿಲ್ಲ. ಇಡಿಯಾಗಿಯೇ ಇಳಿಸಿದಳು
ಪ್ರೋಟೀನನ್ನು, ಕಾಲಮ್ಮಿನೊಳಕ್ಕೆ.

ನೀರಿಗೆ ಹೆದರುವವು ಒಳಗೇ ತಡೆದು ನಿಂತವು,
ಹೆದರದವು ಆಗಲೇ ಹೊರಬಿದ್ದವು.
ಇಪ್ಪತ್ತೆರಡನೇ ನಿಮಿಷಕ್ಕೆ ಒಂದು ಶಿಖರ.
ನುಣ್ಣಗೆ, ಒಂಟಿ.
ಶುದ್ಧ ಎಂದು ಬರೆದು ಮನೆಗೆ ಹೋಗಬಹುದಿತ್ತು;
ಬ್ರನೋದ ಕೊನೆಯ ಟ್ರಾಮ್ ಕಿಟಕಿಯಾಚೆ ಗಂಟೆ ಬಾರಿಸಿತು.

ಹೋಗಲಿಲ್ಲ.
ಆರಿದ ಕಾಫಿ ಪಕ್ಕಕ್ಕಿಟ್ಟು, ಆ ಹನಿಯನ್ನು ಹಿಡಿದು
ಕೂದಲೆಳೆ ತೂರುವಷ್ಟೇ ತೂತಿನ ಗಾಜಿನ ನಾಳಕ್ಕೆ ಕೊಟ್ಟಳು.
ಮೂವತ್ತು ಸಾವಿರ ವೋಲ್ಟ್.

ಶಿಖರ ಸೀಳಿಹೋಯಿತು.
ಫ್ರಿಜ್ಜಿನಲ್ಲಿ ಹನ್ನೊಂದು ತಿಂಗಳು ಕೂತು
ಅರ್ಧಕ್ಕರ್ಧಕ್ಕೆ ವಯಸ್ಸಾಗಿತ್ತು:
ತೂಕ ಹೆಚ್ಚುಕಮ್ಮಿ ಅದೇ,
ಒಂದೇ ಒಂದು ಋಣದ ಹೊರೆ ಹೆಚ್ಚು.

ನೋಟುಪುಸ್ತಕದಲ್ಲಿ ಆಕೆ ಬರೆದದ್ದು: ಎರಡು.
ನಾನಾಗಿದ್ದರೆ ಇಬ್ಬರು ಅನ್ನುತ್ತಿದ್ದೆ.