ಆಗದೆ ಹೋದದ್ದರ ಲೆಕ್ಕ

ಬಿಷ್ಕೆಕ್ಕಿನ ಹಳೇ ಹಿಟ್ಟಿನ ಗಿರಣಿಯ ಹಿಂದೆ
ಎರಡನೇ ಮಹಡಿಯಲ್ಲಿ ನನ್ನ ಮೇಜು.
ಕಿಟಕಿ ತೆರೆದರೆ ಡೀಸೆಲ್ಲಿನ ವಾಸನೆ, ಮುಚ್ಚಿದರೆ ಹೀಟರಿನದು.
ಪರದೆಯ ತುಂಬ ನಲವತ್ತಾರು ಚುಕ್ಕಿ:
ಹಸಿರು, ಓಡುತ್ತಿದೆ. ಹಳದಿ, ನಿಂತಿದೆ.
ಬೂದಿ ಬಣ್ಣವಾದರೆ ಯಾವುದೋ ಬೆಟ್ಟದ ಮರೆಯಲ್ಲಿ
ಸಿಗ್ನಲ್ಲಿಗೂ ಸಿಗದೆ ನನಗೂ ಸಿಗದೆ ಇದೆ.

ಚಾಲಕರು ನನಗಿಟ್ಟ ಹೆಸರು ಅತ್ತೆ.
ಎದುರಿಗಲ್ಲ; ಎದುರಿಗೆ ಬುರುಲ್ಚಾ ಅಕ್ಕ.
ಎಲ್ಲಿ ನಿಂತೆ, ಯಾಕೆ ನಿಂತೆ,
ಇಳಿಜಾರಿನಲ್ಲಿ ಅಷ್ಟು ಹೊತ್ತು ಬ್ರೇಕು ಯಾಕೆ ತುಳಿದೆ
ಎಂದು ದಿನಾ ಕೇಳುವವಳನ್ನು ಇನ್ನೇನನ್ನುತ್ತಾರೆ?
ಮೊದಲ ತಿಂಗಳು ಡೀಸೆಲ್ ಲೆಕ್ಕ ಗೋಡೆಗೆ ಅಂಟಿಸಿದಾಗ
ಯಾರ ಹೆಸರನ್ನೂ ಬರೆದಿರಲಿಲ್ಲ.
ಮೂವರು ತಾವಾಗಿಯೇ ಹೆಗಲು ಮುಟ್ಟಿಕೊಂಡರು.
ಅದು ಸುಲಭದ ಲೆಕ್ಕ. ಕದ್ದದ್ದಕ್ಕೆ ಲೀಟರಿದೆ.

ಕಷ್ಟದ್ದು ಕಲ್ಮುರ್ಜಾನದು.
ಹತ್ತೊಂಬತ್ತನೇ ಲಾರಿ. ಓಶ್‌ಗೆ ಸಿಮೆಂಟು,
ಬರುವಾಗ ಉಜ್ಗೆನ್ನಿನ ಕೆಂಪಕ್ಕಿ.
ಒಂಟೆಯ ಹೆಸರಿನ ತೋ-ಅಶೂ ಘಾಟಿ ಹತ್ತಿ
ಸುರಂಗ ದಾಟಿ ಸೂಸಮೀರಿಗೆ ಇಳಿಯುವಾಗ
ಹಿಂದಿನ ಎಡಗಾಲಿಯ ಬಿಸಿ
ಬಲಗಾಲಿಗಿಂತ ಹನ್ನೊಂದು ಡಿಗ್ರಿ ಹೆಚ್ಚು.
ಮರುವಾರ ಹದಿನಾಲ್ಕು. ಅದರ ಮರುವಾರ ಹತ್ತೊಂಬತ್ತು.
ಗಾಡಿ ನಿಲ್ಲಿಸಿದೆ.

ಬಂದ. ಬಾಗಿಲಿಗಿಂತ ಅಗಲದ ಮನುಷ್ಯ, ಕೈಯಲ್ಲಿ ಟೋಪಿ.
"ನನ್ನ ಗಾಡಿಗೇನಾಗಿದೆ?"
"ಏನೂ ಆಗಿಲ್ಲ."
"ಮತ್ತೆ?"
"ಆಗಬಹುದಿತ್ತು."
"ಇಪ್ಪತ್ತೆರಡು ವರ್ಷ ಇಳಿದಿದ್ದೇನೆ ಆ ದಾರಿ.
ಕೆಟ್ಟರೆ ನನ್ನ ಪಾದಕ್ಕೇ ಗೊತ್ತಾಗುತ್ತದೆ."

ಸುಳ್ಳಲ್ಲ. ಅವನ ಪಾದಕ್ಕೆ ಗೊತ್ತಾಗುವುದು ಮೂವತ್ತಕ್ಕೆ,
ನನಗೆ ಹತ್ತೊಂಬತ್ತಕ್ಕೆ.
ನಡುವಿನ ಆ ಹನ್ನೊಂದು ಡಿಗ್ರಿಯಲ್ಲಿ
ನನ್ನ ಸಂಬಳವಿದೆ.

ಮೂರು ದಿನದ ಬಾಡಿಗೆ ಹೋಯಿತು ಅವನಿಗೆ,
ಮಗಳ ಹಲ್ಲಿನ ತಂತಿಗೆಂದು ಎಣಿಸಿಟ್ಟದ್ದಂತೆ.
ಮೆಕ್ಯಾನಿಕ್ಕು ಬೇರಿಂಗು ಬಿಚ್ಚಿ, ಬೆರಳಲ್ಲಿ ತಿರುಗಿಸಿ,
"ಇನ್ನೂ ಸ್ವಲ್ಪ ದಿನ ನಡೀತಿತ್ತು" ಅಂದುಬಿಟ್ಟ.
ಇಡೀ ಶೆಡ್ಡು ನನ್ನ ಕಿಟಕಿಯತ್ತ ನೋಡಿತು.

ಹೊಸದು ಹಾಕಿಸಿದೆ. ಕಲ್ಮುರ್ಜಾ ಹತ್ತಿದ, ಇಳಿದ, ಬಂದ.
ಹತ್ತಿದ, ಇಳಿದ, ಬಂದ.
ಪರದೆಯ ಮೇಲಿನ ಗೀಟು ಬೆನ್ನು ನೆಟ್ಟಗೆ ಮಾಡಿ ಮಲಗಿತು.
ಏನೂ ಆಗಲಿಲ್ಲ.
ಈ ಏನೂ ಆಗಲಿಲ್ಲವನ್ನು ಯಾವ ಕಾಲಮ್ಮಿಗೆ ತುಂಬಲಿ?
ಉರುಳದ ಲಾರಿಗೆ ಫೋಟೋ ಇಲ್ಲ.
ಒಡೆಯದ ಮೂಟೆಯಿಂದ ಅಕ್ಕಿ ಚೆಲ್ಲುವುದಿಲ್ಲ.
ತಿರುವಿನಲ್ಲಿ ಹುಳಿಹಿಡಿದ ಕುದುರೆಹಾಲು ಮಾರುವ ಹೆಂಗಸು
ತನ್ನ ಡೇರೆ ಇನ್ನೂ ನಿಂತಿದೆಯೆಂದು
ನನಗೆ ಫೋನು ಮಾಡುವುದಿಲ್ಲ.
ವರ್ಷದ ಕೊನೆಗೆ ಮಾಲೀಕರು ಕೇಳುತ್ತಾರೆ,
ಇಷ್ಟು ಸುರಿದೆವಲ್ಲ ಈ ಡಬ್ಬಿಗಳಿಗೆ, ಉಳಿದದ್ದೇನು?
ಟೈರಿನ ಆಯಸ್ಸು ತೋರಿಸುತ್ತೇನೆ, ಡೀಸೆಲ್ ತೋರಿಸುತ್ತೇನೆ.
ತಲೆಯಾಡಿಸುತ್ತಾರೆ.

ಮೂವತ್ತೊಂದರ ಬಗ್ಗೆ ಯಾರೂ ಕೇಳುವುದಿಲ್ಲ.
ಹೋದ ನವೆಂಬರು. ಬೆಳಗಿನ ಜಾವ
ಒಂದೇ ಸಲ ನೆಗೆದು ಬಿದ್ದ ಒಂದು ಅಂಕಿ.
ಸೆನ್ಸರು ಕೆಟ್ಟಿರಬೇಕೆಂದು ನಾನೇ
ಪಕ್ಕದಲ್ಲಿ ಗುರುತು ಹಾಕಿದೆ: ಗದ್ದಲ.
ನಮ್ಮ ಕಸುಬಿನಲ್ಲಿ ಅರ್ಥವಿಲ್ಲದ ಅಂಕಿಗೆ ಹಾಗೇ ಅನ್ನುವುದು.
ಎಸೆನ್‌ಗೆಲ್ದಿ. ಇಪ್ಪತ್ತಾರು ವರ್ಷ.
ಅವನು ಉಳಿದ, ಎಡಗಾಲು ಉಳಿಯಲಿಲ್ಲ.
ಈಗ ಗೇಟಿನಲ್ಲಿ ಕೂತು, ದಪ್ಪ ಪುಸ್ತಕದಲ್ಲಿ,
ಗಾಡಿ ಬಂದ ಹೊತ್ತು ಹೋದ ಹೊತ್ತು ಬರೆಯುತ್ತಾನೆ.
ಅದೇ ಹೊತ್ತು ಸೆಕೆಂಡಿನ ಸಮೇತ ನನ್ನ ಬಳಿಯಿದೆ.
ನಾನದನ್ನು ಯಾರಿಗೂ ಹೇಳಿಲ್ಲ.
ಸಂಜೆ ಇಳಿದು ಹೋಗುವಾಗ ಅವನ ಪುಸ್ತಕ ಕೇಳಿ ಪಡೆದು
ನನ್ನದರೊಡನೆ ತಾಳೆ ನೋಡುತ್ತೇನೆ.
ಬಹಳವೆಂದರೆ ಒಂದು ನಿಮಿಷ ಆಚೆ ಈಚೆ.

ನಿನ್ನೆ ಕಲ್ಮುರ್ಜಾ ಮೇಲೆ ಬಂದ.
ಕಾಗದದ ಪೊಟ್ಟಣ ಮೇಜಿಗೆ ಕುಕ್ಕಿದ:
ಒಣ ಮೊಸರಿನ ಉಂಡೆ, ಕುರುತ್, ಕಲ್ಲಿನಷ್ಟು ಗಟ್ಟಿ.
"ಇಪ್ಪತ್ತಿವೆ. ಎಣಿಸಿಕೋ. ಎಣಿಸುವುದೇ ನಿನ್ನ ಕೆಲಸವಲ್ಲ."
ಎಣಿಸಿದೆ.
ಹದಿನೆಂಟಿದ್ದವು.
ತಲೆಯೆತ್ತಿ ನೋಡಿದರೆ
ಅವನಾಗಲೇ ಮೀಸೆಯ ಮೇಲಿನ ಬಿಳಿ ಪುಡಿಯನ್ನು
ತೋಳಿನಿಂದ ಒರೆಸಿಕೊಳ್ಳುತ್ತಿದ್ದ.