ಮೊಣಕೈ ನಲ್ಲಿ

ಒಳಗೆ ಬನ್ನಿ ಹತಾಕೆಯಾಮ ಅವರೇ, ಬೂಟು ಅಲ್ಲೇ ಬಿಡಿ,
ಹಿಮ ಕರಗಿ ನೆಲ ಒದ್ದೆಯಾದರೆ ಅದನ್ನೂ ಬರೆದುಕೊಳ್ಳುತ್ತೀರಿ.
ಕಳೆದ ಸಲ ಅಳತೆಯ ಟೇಪು ತಂದಿದ್ದಿರಿ.
ಸೂರಿನಿಂದ ಇಳಿಬಿಟ್ಟ ಮೂಲಂಗಿಗಳ ನಡುವೆ
ತಲೆ ತಗ್ಗಿಸಿ ನಡೆದಿರಿ, ಬಾವಲಿಗಳ ಗುಹೆಗೆ ಬಂದವರ ಹಾಗೆ.

ನಮ್ಮ ಅಕಿತಾದಲ್ಲಿ ನವೆಂಬರಿಗೇ ಬಿಸಿಲು ಬಾಗಿಲು ಹಾಕುತ್ತದೆ.
ಬೇರೆ ಊರವರು ಮೂಲಂಗಿಯನ್ನು ಅಂಗಳದಲ್ಲಿ ಒಣಗಿಸುತ್ತಾರೆ;
ನಮಗೆ ಒಲೆಯೇ ಸೂರ್ಯ.
ಚೆರ್ರಿ ಕಟ್ಟಿಗೆ, ಓಕ್ ಕಟ್ಟಿಗೆ, ನಾಲ್ಕು ಹಗಲು, ನಾಲ್ಕು ರಾತ್ರಿ,
ಎರಡು ಗಂಟೆಗೊಮ್ಮೆ ಎದ್ದು ಬೆಂಕಿಯ ಮುಖ ನೋಡಬೇಕು.
ಉರಿದರೂ ಕೆಟ್ಟಿತು, ಆರಿದರೂ ಕೆಟ್ಟಿತು,
ಮುನಿಸಿಕೊಂಡವರ ಹಾಗೆ ಇರಬೇಕು ಬೆಂಕಿ.
ಆಮೇಲೆ ಉಪ್ಪು, ಅಕ್ಕಿಯ ತೌಡು, ಪೀಪಾಯಿ, ಮೇಲೊಂದು ಕಲ್ಲು.
ಕಲ್ಲು ನನ್ನ ಅತ್ತೆಯದು. ಅವಳಷ್ಟೇ ತೂಕವೆಂದು ನಗುತ್ತಿದ್ದೆವು.

ನಿಮ್ಮ ಹಾಳೆಯಲ್ಲಿ ಕಲ್ಲಿಗೆ ಕಲಂ ಇರಲಿಲ್ಲ.
ಗೋಡೆಗಿತ್ತು: ತೊಳೆಯುವಂತಿರಬೇಕು.
ಮಸಿಗಿತ್ತು: ಇರಬಾರದು.
ನಲ್ಲಿಗಿತ್ತು: ಬೆರಳು ಸೋಕದೆ ಮೊಣಕೈಯಿಂದ ತಿರುಗಬೇಕು.
ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಇಲ್ಲದ ನಲ್ಲಿಯನ್ನು
ಮೊಣಕೈಯಿಂದ ತಿರುಗಿಸಿ ನೋಡಿದೆ. ಕೋಳಿ ರೆಕ್ಕೆ ಬಡಿದ ಹಾಗಿತ್ತು.
ರುಚಿಯೆಲ್ಲ ಕೈಗುಣ ಎನ್ನುತ್ತಿದ್ದ ಊರಲ್ಲಿ
ಕೈಯ ಮೇಲೆಯೇ ಅನುಮಾನ ಬಂತಲ್ಲ.

ಇಲ್ಲ, ನಿಮ್ಮನ್ನು ಬಯ್ಯುತ್ತಿಲ್ಲ.
ಎಲ್ಲೋ ದೂರದಲ್ಲಿ ಕೋಸಿನ ಉಪ್ಪಿನಕಾಯಿ ತಿಂದು
ಜನ ಸತ್ತರೆಂದು ನೀವು ಹೇಳಿದಿರಿ.
ಅವರಲ್ಲೊಬ್ಬಳಿಗೆ ನನ್ನದೇ ವಯಸ್ಸು.
ಆ ಹೆಂಗಸು ಮರೆತ ಸೂಜಿಯ ಹಾಗೆ ನನ್ನ ತಲೆದಿಂಬಿನಲ್ಲಿದ್ದಾಳೆ.
ಕಾನೂನು ಸುಮ್ಮನೆ ಹುಟ್ಟುವುದಿಲ್ಲ, ಗೊತ್ತು;
ಅದು ಹುಟ್ಟಿದ ಮನೆ ಬೇರೆ, ಊಟಕ್ಕೆ ಬಂದ ಮನೆ ಬೇರೆ.

ಲೆಕ್ಕ ಹಾಕಿದೆ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ.
ಗೋಡೆ, ನೆಲ, ಬೇಸಿನ್, ನಲ್ಲಿ: ಎಂಟು ಲಕ್ಷ ಯೆನ್.
ಒಂದು ಮೂಲಂಗಿಗೆ ಉಳಿಯುವುದು ನೂರೈವತ್ತು.
ಭಾಗಿಸಿದರೆ ಐದು ಸಾವಿರದ ಮುನ್ನೂರ ಮೂವತ್ತಮೂರು ಮೂಲಂಗಿ,
ಮೇಲೊಂದು ತುಂಡು.
ವರ್ಷಕ್ಕೆ ಒಂಬೈನೂರು ಹೊಗೆಗಿಡುತ್ತೇನೆ.
ಅಂದರೆ ಆರು ಚಳಿಗಾಲ, ಬರೀ ನಲ್ಲಿಗಾಗಿ.
ನನಗೆ ಎಪ್ಪತ್ತೊಂದು.
ನಲ್ಲಿಗೆ ಹತ್ತು ವರ್ಷದ ಗ್ಯಾರಂಟಿ ಇದೆಯಂತೆ.

ಸೇತುವೆಯಾಚೆಯ ನಿಷಿಯೆ ಸಾಲ ಮಾಡಿ ಕಟ್ಟಿಸಿದಳು,
ಹಲ್ಲಿನ ಡಾಕ್ಟರದಂಥ ಬಿಳಿ ಕೋಣೆ.
ಅವಳ ಸರಕು ಈಗ ತೊಕಿಯೊ ತನಕ ಹೋಗುತ್ತದೆ, ಒಳ್ಳೆಯದೇ ಆಯಿತು.
"ಒಳಗೆ ನಿಂತರೆ ನಾನೇ ಕೊಳೆ ಅನ್ನಿಸುತ್ತೆ" ಎಂದು ಒಮ್ಮೆ ನಕ್ಕಳು.
ನಾನು ಕೈ ತೊಳೆದುಕೊಂಡೆ, ಹಳೆಯ ನಲ್ಲಿಯಲ್ಲೇ.
ರಸ್ತೆ ಬದಿಯ ಮಳಿಗೆಯ ಕಪಾಟಿನಿಂದ
ನನ್ನ ಹೆಸರಿನ ಚೀಟಿ ಕಿತ್ತುಕೊಂಡು ಬಂದೆ; ಅಂಟು ಅಲ್ಲೇ ಉಳಿಯಿತು.

ಈ ಸಲ ಇಪ್ಪತ್ತು ಮೂಲಂಗಿ ಮಾತ್ರ. ಮಾರಲಿಕ್ಕಲ್ಲ.
ಸುಮ್ಮನೆ ಹಂಚಿದರೆ ಪರವಾನಗಿ ಬೇಡವೆಂದು ನೀವೇ ಹೇಳಿದ್ದು.
ಅಂಚೆಯವನು ಒಂದು ಒಯ್ದ, ಹಿಮ ಎತ್ತುವ ಹುಡುಗ ಎರಡು.
ಆದರೆ ನೀವು, ಪ್ರತಿ ಜನವರಿಯಲ್ಲಿ ಎರಡು ಪೊಟ್ಟಣ ಕೊಳ್ಳುತ್ತಿದ್ದವರು,
ಕೊಂಡರೆ ನಾನು ಅಪರಾಧಿ,
ಹಾಗೇ ಇಸಿದುಕೊಂಡರೆ ನೀವು.
ಇಡೀ ಯೊಕೊತೆಯಲ್ಲಿ ನನ್ನ ಮೂಲಂಗಿಗೆ
ದಾರಿಯಿಲ್ಲದ ಬಾಯಿ ನಿಮ್ಮದೊಂದೇ.

ಸಹಿ ಎಲ್ಲಿ, ಇಲ್ಲಿಯೇ? "ಉದ್ಯಮ ಮುಚ್ಚಲಾಗಿದೆ."
ಇದನ್ನು ಉದ್ಯಮ ಎಂದು ಯಾರಾದರೂ ಕರೆದದ್ದು ಇದೇ ಮೊದಲು.
ಚಹಾ ಕುಡಿಯಿರಿ, ಚಹಾಕ್ಕೆ ಕಲಂ ಇಲ್ಲ ತಾನೇ.
ನಾನೊಂದು ಹೋಳು ಬಾಯಿಗಿಡುತ್ತೇನೆ.
ಕರುಂ.

ನೀವು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೀರಿ.
ಅದು ನಿಮ್ಮ ಕೈಯಲ್ಲೇ ಇದೆ.